ಕಾಗದದಲ್ಲಿ ಇಲ್ಲದ ಆದೇಶ: ಟಿ.ಎ. ಪೈ ಹೇಳಿದ್ದು ಎಂತ?

ಉಡುಪಿ, ಮಣಿಪಾಲದ ಸುತ್ತಮುತ್ತ ಇಂಜಿನಿಯರಿಂಗ್ ಓದುವ ನಮಗೆಲ್ಲ ಟಿ.ಎ. ಪೈ ಅಂದ್ರೆ ಮೊದಲು ನೆನಪಾಗುವುದು ಒಂದು ಬೋರ್ಡು. ಟ್ಯಾಪ್ಮಿ ಅಂತ ನಾವು ಸಲೀಸಾಗಿ ಕರೆಯುವ ಮ್ಯಾನೇಜ್‌ಮೆಂಟ್ ಕಾಲೇಜಿನ ಹೆಸರಿನಲ್ಲಿರುವ ಪೈ ಇವರೇ. ಕ್ಯಾಟ್ ಪರೀಕ್ಷೆಗೆ ಕೂತ ಸೀನಿಯರ್‌ಗಳು ದಿನಕ್ಕೆ ಹತ್ತು ಸಲ ಆ ಹೆಸರು ಹೇಳ್ತಾರೆ. ಆದರೆ ಪೈ ಯಾರು ಅಂತ ಕೇಳಿ ನೋಡಿ, ಹೆಚ್ಚಿನವರ ಉತ್ತರ "ಸಿಂಡಿಕೇಟ್ ಬ್ಯಾಂಕಿನವರು" ಎಂಬಲ್ಲಿಗೆ ನಿಲ್ಲುತ್ತದೆ. ಆ ಬ್ಯಾಂಕೂ ಈಗ ಇಲ್ಲ, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಇದೇ ಪೈ 1977ರಲ್ಲಿ ದೆಹಲಿಯಲ್ಲಿ ಒಂದು ವಿಚಾರಣಾ ಆಯೋಗದ ಮುಂದೆ ಕೂತು, ತಾವು ಯಾರ ಸಂಪುಟದಲ್ಲಿ ಸಚಿವರಾಗಿದ್ದರೋ ಆ ಪ್ರಧಾನಿಯ ವಿರುದ್ಧವೇ ಸಾಕ್ಷಿ ಹೇಳಿದರು. ಆಗ ಅವರು ಉಡುಪಿಯ ಕಾಂಗ್ರೆಸ್ ಸಂಸದ. ಅವರ ಮಾತು ಯಾವ ಪ್ರಕರಣದ ಬಗ್ಗೆ ಇತ್ತೋ ಅದೇ ಪ್ರಕರಣಕ್ಕಾಗಿ ಮುಂದೆ ಇಂದಿರಾ ಗಾಂಧಿ ಲೋಕಸಭೆಯ ಸದಸ್ಯತ್ವ ಕಳೆದುಕೊಂಡು ಜೈಲಿಗೆ ಹೋದರು. ಆಗ ಅವರು ಪ್ರತಿನಿಧಿಸುತ್ತಿದ್ದದ್ದು ಚಿಕ್ಕಮಗಳೂರನ್ನು. ಇವತ್ತಿನ ಲೆಕ್ಕದಲ್ಲಿ ಕಾಪು, ಉಡುಪಿ, ಕಾರ್ಕಳ, ಚಿಕ್ಕಮಗಳೂರು ಎಲ್ಲ ಒಂದೇ ಲೋಕಸಭಾ ಕ್ಷೇತ್ರ. ಅಂದರೆ ದೆಹಲಿಯ ಈ ಇಡೀ ಕತೆಯ ಎರಡು ತುದಿಗಳು ನಮ್ಮ ಘಟ್ಟದ ಕೆಳಗೊಂದು, ಮೇಲೊಂದು ಇವೆ.

ಸರ್ವಾಧಿಕಾರದ ಒಳಗಿದ್ದು, ಆಮೇಲೆ ಹೊರಬಂದು ಬಾಯಿಬಿಟ್ಟವರ ಮಾತನ್ನು ನಾವು ಹೇಗೆ ಓದಬೇಕು? ಈ ಪ್ರಶ್ನೆಗೆ ಪ್ರಪಂಚವೆಲ್ಲ ಸುತ್ತಿ ಉದಾಹರಣೆ ಹುಡುಕಬಹುದು. ನಮಗೆ ಮಾತ್ರ ಮನೆಯಂಗಳದಲ್ಲೇ ಒಂದು ಉಂಟು.

ಮೊದಲು ಮನುಷ್ಯನ ಪರಿಚಯ. ತೋನ್ಸೆ ಅನಂತ ಪೈ ಹುಟ್ಟಿದ್ದು 1922ರಲ್ಲಿ. ಮಣಿಪಾಲ ಕಟ್ಟಿದ ಡಾ. ಟಿ.ಎಂ.ಎ. ಪೈಯವರ ಅಣ್ಣನ ಮಗ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಬ್ಯಾಂಕು, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದ ಅದರ ಪಿಗ್ಮಿ ಠೇವಣಿ, ಇವೆಲ್ಲ ನಮ್ಮ ಅಜ್ಜಿಯರಿಗೆ ಗೊತ್ತಿರುವ ವಿಷಯ. ಟಿ.ಎ. ಪೈ ಆ ಬ್ಯಾಂಕನ್ನು ದೇಶಮಟ್ಟಕ್ಕೆ ಬೆಳೆಸಿದವರಲ್ಲಿ ಮುಖ್ಯರು. 1965ರಲ್ಲಿ ಭಾರತೀಯ ಆಹಾರ ನಿಗಮ ಆರಂಭವಾದಾಗ ಅದರ ಮೊದಲ ಅಧ್ಯಕ್ಷರು ಇವರು. 1972ರಲ್ಲಿ ಪದ್ಮಭೂಷಣ, ಅದೇ ವರ್ಷ ಕೇಂದ್ರದಲ್ಲಿ ರೈಲ್ವೆ ಸಚಿವ. ಕೆ. ಹನುಮಂತಯ್ಯನವರು ಬಿಟ್ಟ ಖಾತೆಗೆ ಕರ್ನಾಟಕದವರೇ ಆದ ಪೈ ಬಂದರು. ಆಮೇಲೆ ಭಾರಿ ಕೈಗಾರಿಕೆ, ನಂತರ ಕೈಗಾರಿಕೆ ಮತ್ತು ನಾಗರಿಕ ಪೂರೈಕೆ. ಘೋಷಣೆ ಕೂಗಿ ಮೇಲೆ ಬಂದವರಲ್ಲ, ಕೆಲಸ ಬಲ್ಲವರು ಅಂತ ಸರಕಾರ ಕರೆದುಕೊಂಡವರು. ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಇದು ಮುಖ್ಯ.

ಈಗ 1975ರ ಏಪ್ರಿಲ್. ತುರ್ತು ಪರಿಸ್ಥಿತಿ ಘೋಷಣೆಗೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಬಾಕಿ ಇದೆ. ಈ ತಿಂಗಳನ್ನು ಗುರುತಿಟ್ಟುಕೊಳ್ಳಿ.

ಪ್ರಧಾನಿಯ ಮಗ ಸಂಜಯ ಗಾಂಧಿ ನಡೆಸುತ್ತಿದ್ದ ಮಾರುತಿ ಲಿಮಿಟೆಡ್‌ಗೆ ಕಾರು ತಯಾರಿಸಲು ಅನುಮತಿ ಸಿಕ್ಕಿತ್ತು. ಇವತ್ತಿನ ಮಾರುತಿ ಸುಜುಕಿ ಬೇರೆ ಕಂಪನಿ, ಅದು ಶುರುವಾದದ್ದು 1981ರಲ್ಲಿ. ಹಳೇ ಮಾರುತಿಯ ಅನುಮತಿಗೆ ಒಂದು ಷರತ್ತಿತ್ತು. ಕಾರು ಸಂಪೂರ್ಣ ದೇಶೀಯವಾಗಿರಬೇಕು, ಅದಕ್ಕಾಗಿ ಹೊರದೇಶದ ಯಂತ್ರ ತರಿಸುವಂತಿಲ್ಲ. ವಿರೋಧ ಪಕ್ಷದ ಸಂಸದರಿಗೆ ಒಂದು ಸಂಶಯ ಬಂತು. ಬಾಟ್ಲಿಬಾಯ್ ಎಂಬ ಕಂಪನಿ ಯಂತ್ರೋಪಕರಣಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿತ್ತು. ಅಂಥ ಯಂತ್ರಗಳು ಮಾರುತಿ ಕಾರ್ಖಾನೆಗೂ ಹೋಗಿವೆಯಾ? ತಾನು ನೇರ ಆಮದು ಮಾಡದೆ, ಬೇರೆಯವರು ಆಮದು ಮಾಡಿದ್ದನ್ನು ಇಲ್ಲೇ ಕೊಂಡರೆ ಷರತ್ತು ಮುರಿದ ಹಾಗೆ ಆಯಿತೋ ಇಲ್ಲವೋ? ಈ ವಿಷಯ ಲೋಕಸಭೆಗೆ ಪ್ರಶ್ನೆಯಾಗಿ ಬಂತು.

ಸಂಸತ್ತಿನ ಪ್ರಶ್ನೆಗೆ ಉತ್ತರ ತಯಾರಾಗುವ ಕ್ರಮ ನಮಗೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಂಸದರು ಪ್ರಶ್ನೆ ಬರೆದು ಕೊಡ್ತಾರೆ. ಅದು ಸಂಬಂಧಪಟ್ಟ ಸಚಿವಾಲಯಕ್ಕೆ ಹೋಗ್ತದೆ. ಉತ್ತರ ಓದುವುದು ಮಂತ್ರಿಯಾದರೂ ಮಾಹಿತಿ ಅವರ ಕಿಸೆಯಲ್ಲಿ ಇರುವುದಿಲ್ಲ. ಕೆಳಗಿನ ಅಧಿಕಾರಿಗಳು ಫೋನ್ ಮಾಡಿ, ಪತ್ರ ಬರೆದು, ಬೇಕಾದರೆ ಸ್ಥಳಕ್ಕೇ ಹೋಗಿ, ಲೆಕ್ಕ ತಂದು ಕರಡು ಸಿದ್ಧಪಡಿಸಬೇಕು. ನಮ್ಮ ಪ್ರಾಜೆಕ್ಟ್ ರಿಪೋರ್ಟಿಗೆ ಡೇಟಾ ತರುವ ಹಾಗೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಸುಳ್ಳು ಡೇಟಾ ಕೊಟ್ಟರೆ ಮಂತ್ರಿ ಸದನಕ್ಕೆ ಸುಳ್ಳು ಹೇಳಿದ ಹಾಗಾಗ್ತದೆ.

ಮಾರುತಿಯ ಪ್ರಶ್ನೆಗೆ ಮಾಹಿತಿ ತರುವ ಕೆಲಸ ನಾಲ್ವರು ಅಧಿಕಾರಿಗಳ ತಲೆಗೆ ಬಂತು. ಒಬ್ಬರು ಭಾರಿ ಕೈಗಾರಿಕೆ ಇಲಾಖೆಯ ಉಪಕಾರ್ಯದರ್ಶಿ. ಇನ್ನೊಬ್ಬರು ತಾಂತ್ರಿಕ ಅಭಿವೃದ್ಧಿ ಮಹಾನಿರ್ದೇಶನಾಲಯದವರು. ಯಾವ ಯಂತ್ರ ದೇಶದಲ್ಲೇ ಸಿಗ್ತದೆ, ಯಾವುದಕ್ಕೆ ಆಮದು ಬೇಕು ಅಂತ ತಾಂತ್ರಿಕವಾಗಿ ನೋಡುತ್ತಿದ್ದ ಕಚೇರಿ ಅದು. ನಮ್ಮಂಥವರು ಆ ಕಾಲದಲ್ಲಿ ಹುಟ್ಟಿದ್ದರೆ ಸರಕಾರಿ ಕೆಲಸಕ್ಕೆ ಸೇರಬಹುದಾಗಿದ್ದ ಜಾಗ. ಉಳಿದ ಇಬ್ಬರು ಆಮದು-ರಫ್ತು ನಡೆಸುವ ಸರಕಾರಿ ಸಂಸ್ಥೆ ಪಿಇಸಿಯವರು. ಆ ಸಂಸ್ಥೆ ಬರುತ್ತಿದ್ದದ್ದು ವಾಣಿಜ್ಯ ಸಚಿವಾಲಯದ ಕೆಳಗೆ. ನಾಲ್ವರೂ ಮಾಡಿದ್ದು ತಮ್ಮ ಕೆಲಸ, ಕೇಳಬೇಕಾದವರ ಹತ್ತಿರ ಮಾಹಿತಿ ಕೇಳಿದ್ದು. ಕೆಲವೇ ದಿನಗಳಲ್ಲಿ ಅವರ ಮೇಲೆ ಸಿಬಿಐ ಬಿತ್ತು. ಮನೆಗಳ ಶೋಧ, ಕೇಸು, ಒಬ್ಬರಿಗೆ ಅಮಾನತು, ಒಬ್ಬರಿಗೆ ವರ್ಗಾವಣೆ.

ಇದೆಲ್ಲ ಯಾರ ಮಾತಿನಿಂದ ನಡೆಯಿತು? ಫೈಲು ತೆಗೆದು ನೋಡಿದರೆ ಉತ್ತರ ಸಿಗುವುದಿಲ್ಲ. ಫೈಲಿನಲ್ಲಿ ಇರುವುದು 'ದೂರು ಬಂದಿದೆ, ತನಿಖೆ ಆಗಬೇಕು' ಎಂಬ ಮಟ್ಟದ ಸಂಗತಿ. ದೂರು ಕೊಟ್ಟವರು ಯಾರು, ಈ ನಾಲ್ವರೇ ಯಾಕೆ, ಇದೇ ವಾರ ಯಾಕೆ, ಇವು ಕಾಗದದ ಮೇಲೆ ಇಲ್ಲ. ಲಾಗ್ ಆಫ್ ಮಾಡಿಟ್ಟ ಸರ್ವರಿನ ಹಾಗೆ. ಏನೋ ನಡೆದದ್ದು ಕಾಣ್ತದೆ, ಕಮಾಂಡ್ ಕೊಟ್ಟವರು ಕಾಣುವುದಿಲ್ಲ.

ಪೈಯವರ ಸಾಕ್ಷ್ಯದ ಬೆಲೆ ಇರುವುದು ಇಲ್ಲಿ. ತುರ್ತು ಪರಿಸ್ಥಿತಿ ಮುಗಿದು, 1977ರ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದ ಮೇಲೆ, ಮೇ 28ರಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ನೇಮಕವಾಯಿತು. ಸೆಪ್ಟೆಂಬರ್ ಕೊನೆಗೆ ದೆಹಲಿಯ ಪಟಿಯಾಲ ಹೌಸ್‌ನಲ್ಲಿ ಬಹಿರಂಗ ವಿಚಾರಣೆ ಶುರು. ಅಲ್ಲಿ ಪೈ ಹೇಳಿದ್ದರ ತಿರುಳು ಇಷ್ಟು: ಪ್ರಧಾನಿ ತಮ್ಮನ್ನು ಕರೆಸಿದರು, ಮಾಹಿತಿ ಕೇಳಲು ಹೋದ ಅಧಿಕಾರಿಗಳ ಬಗ್ಗೆ ತುಂಬ ಸಿಟ್ಟಾಗಿದ್ದರು, ಅವರ ಮೇಲೆ ತನಿಖೆ ನಡೆಸಲು ಸಿಬಿಐ ನಿರ್ದೇಶಕ ಡಿ. ಸೇನ್ ಅವರಿಗೆ ತಿಳಿಸುವಂತೆ ತಮ್ಮ ಆಪ್ತ ಸಹಾಯಕ ಆರ್.ಕೆ. ಧವನ್ ಅವರಿಗೆ ಹೇಳಿದರು. ಒಂದು ಕೋಣೆ, ಎರಡು ಮೂರು ಜನ, ಒಂದು ಬಾಯಿಮಾತು. ಆ ಕೋಣೆಯಲ್ಲಿ ಇದ್ದವರು ಹೇಳದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಷಾ ಆಯೋಗದ ವರದಿಗಳನ್ನು ಓದುತ್ತ ಹೋದರೆ ಪುಟಪುಟದಲ್ಲೂ ಇದೇ ಬಾಯಿಮಾತು ಎದುರಾಗುತ್ತದೆ. 1975ರ ಜೂನ್ 25ರ ರಾತ್ರಿ ದೆಹಲಿಯ ಬಹಾದ್ದೂರ್ ಷಾ ಜಫರ್ ಮಾರ್ಗದಲ್ಲಿ ಪತ್ರಿಕಾ ಕಚೇರಿಗಳ ಕರೆಂಟು ಹೋಯಿತು. ಮರುದಿನದ ಪೇಪರ್ ಅಚ್ಚಾಗಬಾರದು ಎಂಬುದೇ ಉದ್ದೇಶ. ಸಂಬಂಧಪಟ್ಟ ವಿದ್ಯುತ್ ಸಂಸ್ಥೆಯ ಮುಖ್ಯಸ್ಥರು ಆಯೋಗದ ಮುಂದೆ ಬಂದು, ಲೆಫ್ಟಿನೆಂಟ್ ಗವರ್ನರ್ ಬಾಯಲ್ಲೇ ಹೇಳಿದರು ಎಂದರು. ಎಲೆಕ್ಟ್ರಿಕಲ್ ಓದುವ ಗೆಳೆಯರೇ, ಶಟ್‌ಡೌನ್ ತೆಗೆದುಕೊಳ್ಳಲು ಪರ್ಮಿಟ್ ಎಂಬ ಕಾಗದ ಯಾಕೆ ಬೇಕು ಅಂತ ನಿಮಗೆ ಗೊತ್ತು. ಆ ರಾತ್ರಿ ಅಂಥ ಕಾಗದ ಇರಲಿಲ್ಲ, ಸ್ವಿಚ್ಚು ಮಾತ್ರ ಕೆಳಗೆ ಬಂತು. ಇನ್ನೊಂದು ಪ್ರಕರಣ ಸೆಪ್ಟೆಂಬರ್ 25ರದ್ದು. ಜೆಎನ್‌ಯು ಕ್ಯಾಂಪಸ್ಸಿಗೆ ಕಾರಿನಲ್ಲಿ ಬಂದ ಪೊಲೀಸರು ಪ್ರಬೀರ್ ಪುರಕಾಯಸ್ಥ ಎಂಬ ವಿದ್ಯಾರ್ಥಿಯನ್ನು ಎತ್ತಿಕೊಂಡು ಹೋದರು. ಅವರು ಇಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಬಂದಿದ್ದವರು. ಪೊಲೀಸರು ಹುಡುಕಿ ಬಂದದ್ದು ಬೇರೊಬ್ಬ ವಿದ್ಯಾರ್ಥಿ ನಾಯಕನನ್ನು! ಹಿಡಿದ ಮೇಲೆ 'ಮೀಸಾ' ಕಾಯ್ದೆಯ ಆದೇಶಕ್ಕೆ ಸಹಿ ಹಾಕಿಸಿದರು. ಸಹಿ ಹಾಕಿದ ಮ್ಯಾಜಿಸ್ಟ್ರೇಟ್ ಆಮೇಲೆ ಆಯೋಗಕ್ಕೆ ಹೇಳಿದ್ದು, ಒತ್ತಡದಿಂದ ಹಾಕಿದೆ ಅಂತ. ಪುರಕಾಯಸ್ಥ ಸುಮಾರು ಒಂದು ವರ್ಷ ಜೈಲಿನಲ್ಲಿದ್ದರು. ಒಟ್ಟು ಲೆಕ್ಕ ಆಯೋಗದ ಅಂತಿಮ ವರದಿಯಲ್ಲಿದೆ: ಮೀಸಾದಡಿ 34,988 ಜನ, ಭಾರತ ರಕ್ಷಣಾ ನಿಯಮದಡಿ 75,818 ಜನ ಬಂಧನಕ್ಕೆ ಒಳಗಾದರು.

ನಮ್ಮ ಕರಾವಳಿಯಲ್ಲಿ ಎಮರ್ಜೆನ್ಸಿ ಅಂದರೆ ಎರಡು ಬಗೆಯ ನೆನಪು. ಜೈಲಿಗೆ ಹೋದವರದ್ದು ಒಂದು. ಉಡುಪಿಯ ಡಾ. ವಿ.ಎಸ್. ಆಚಾರ್ಯ ಒಳಗಿದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಭೂಗತರಾಗಿ ಕೊನೆಗೆ 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಬೆಂಗಳೂರು ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಅವರ ಜೈಲು ದಿನಚರಿ ಆಮೇಲೆ ಪುಸ್ತಕವಾಯಿತು. ಇನ್ನೊಂದು ನೆನಪು ಭೂಮಿಯದ್ದು. ದೇವರಾಜ ಅರಸು ಸರಕಾರದ 1974ರ ಭೂಸುಧಾರಣಾ ಕಾನೂನು, ಅದರ ಭೂ ನ್ಯಾಯಮಂಡಳಿಗಳು ಕೆಲಸ ಮಾಡಿದ್ದು ಬಹುಪಾಲು ಈ ವರ್ಷಗಳಲ್ಲೇ. ಗೇಣಿ ಪದ್ಧತಿ ದಟ್ಟವಾಗಿದ್ದ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಒಕ್ಕಲುಗಳು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಕಾಪು, ಕಾರ್ಕಳದ ಕಡೆಯ ಗೇಣಿದಾರರ ಮನೆಯ ಹಿರಿಯರನ್ನು ಕೇಳಿದರೆ ಇಂದಿರಮ್ಮನ ಕಾಲ ಅಂತ ಹೇಳುವ ಧ್ವನಿಯೇ ಬೇರೆ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕದ 28ರಲ್ಲಿ 26 ಸೀಟು ಅದಕ್ಕೇ ಸಿಕ್ಕಿತು ಎಂಬುದನ್ನು ಇದನ್ನು ಬಿಟ್ಟು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಆ 26ರಲ್ಲಿ ಒಂದು ಉಡುಪಿ, ಗೆದ್ದವರು ಟಿ.ಎ. ಪೈ.

ಇವೆರಡರ ನಡುವೆ ಮೂರನೆಯದೊಂದು ನೆನಪು ಬೇಕಾಗ್ತದೆ, ಅಧಿಕಾರದ ಕೋಣೆಯೊಳಗೆ ಕೂತಿದ್ದವರದ್ದು. ಜೈಲಿಗೆ ಹೋದವರಿಗೆ ತಮ್ಮ ಮೇಲೆ ನಡೆದದ್ದು ಗೊತ್ತು. ಅದು ಹೇಗೆ ತೀರ್ಮಾನವಾಯಿತು ಅಂತ ಹೇಳಲು ಒಳಗಿನವರೇ ಬೇಕು. ಆದರೆ ಒಳಗಿನವರ ಮಾತನ್ನು ಕಣ್ಣುಮುಚ್ಚಿ ನುಂಗುವಂತೆಯೂ ಇಲ್ಲ. ನಾವು ಕೇಳಲೇಬೇಕಾದ ಮೊದಲ ಪ್ರಶ್ನೆ: ಸ್ವಾಮಿ, ನೀವು ಇದನ್ನು ಹೇಳಿದ್ದು ಯಾವಾಗ?

ಪೈ ವಿಷಯದಲ್ಲಿ ಉತ್ತರ ಅಷ್ಟೇನೂ ಹಿತವಾಗಿಲ್ಲ. ಘಟನೆ ನಡೆದದ್ದು 1975ರ ಏಪ್ರಿಲ್‌ನಲ್ಲಿ, ಬಾಯಿಬಿಟ್ಟದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದು, ಇಂದಿರಾ ಅಧಿಕಾರ ಕಳೆದುಕೊಂಡ ಮೇಲೆ. ನಡುವೆ ತುರ್ತು ಪರಿಸ್ಥಿತಿಯ 21 ತಿಂಗಳು ಅವರು ಸಚಿವರಾಗಿಯೇ ಇದ್ದರು, ಅದೇ ಪಕ್ಷದ ಟಿಕೆಟಿನಲ್ಲಿ ಗೆದ್ದರು. ನಾಲ್ವರಲ್ಲಿ ಒಬ್ಬರು ಅವರದೇ ಸಚಿವಾಲಯದ ಅಧಿಕಾರಿ. ಆ ಅಧಿಕಾರಿಯ ಮನೆಗೆ ಸಿಬಿಐ ಬಂದ ದಿನ ಸಚಿವರು ರಾಜೀನಾಮೆ ಕೊಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಹಾಗಂತ ಪೈ ಒಬ್ಬರನ್ನೇ ಹಿಡಿದು ಜಗ್ಗುವುದೂ ಸರಿಯಲ್ಲ. ರಾಷ್ಟ್ರಪತಿ ತುರ್ತು ಪರಿಸ್ಥಿತಿಗೆ ಸಹಿ ಹಾಕಿದ್ದು ಜೂನ್ 25ರ ರಾತ್ರಿ. ಸಚಿವ ಸಂಪುಟವನ್ನು ಕರೆದು ತಿಳಿಸಿದ್ದು 26ರ ಬೆಳಿಗ್ಗೆ ಆರು ಗಂಟೆಗೆ. ದೇಶದ ಅತಿ ದೊಡ್ಡ ತೀರ್ಮಾನ ತಮ್ಮನ್ನು ಕೇಳದೆ ಆಗಿಹೋಗಿದೆ ಅಂತ ಗೊತ್ತಾದ ಮೇಲೂ ಎಲ್ಲರೂ ಕೂತೇ ಇದ್ದರು. ಜಗಜೀವನ ರಾಮ್ ಅವರನ್ನೇ ನೋಡಿ. ತುರ್ತು ಪರಿಸ್ಥಿತಿಗೆ ಒಪ್ಪಿಗೆ ಕೇಳುವ ನಿರ್ಣಯವನ್ನು 1975ರ ಜುಲೈಯಲ್ಲಿ ಲೋಕಸಭೆಯಲ್ಲಿ ಮಂಡಿಸಿದವರು ಅವರು. 1977ರ ಫೆಬ್ರವರಿ 2ರಂದು, ಚುನಾವಣೆ ಘೋಷಣೆಯಾದ ಮೇಲೆ, ಪಕ್ಷ ಬಿಟ್ಟು ಹೊರಬಂದು ಅದೇ ತುರ್ತು ಪರಿಸ್ಥಿತಿಯನ್ನು ಖಂಡಿಸಿದವರೂ ಅವರೇ.

ತಡವಾಗಿ ಹೇಳಿದ ಸತ್ಯ ಸುಳ್ಳಾಗುವುದಿಲ್ಲ, ನಿಜ. ಆದರೆ ತಡ ಮಾಡಿದವರ ಮಾತಿನಲ್ಲಿ ತಮ್ಮನ್ನು ತಾವು ಉಳಿಸಿಕೊಳ್ಳುವ ಆಸೆ ಎಷ್ಟು ಸೇರಿದೆ ಅಂತ ಅಳೆಯಬೇಕಾಗ್ತದೆ. ನಮಗೆ ಪೈಯವರ ಮಾತು ಗಟ್ಟಿ ಅನಿಸುವುದಕ್ಕೆ ಕಾರಣ ಇದೆ. ಅವರು ಹೇಳಿದ್ದು ಪ್ರಮಾಣ ಮಾಡಿ, ಬಹಿರಂಗವಾಗಿ, ಪಾಟಿ ಸವಾಲಿಗೆ ಅವಕಾಶ ಇದ್ದ ಜಾಗದಲ್ಲಿ. ಅದೇ ಘಟನೆಯ ಬಗ್ಗೆ ಆಯೋಗ ಬೇರೆಯವರನ್ನೂ ಕೇಳಿತು: ತೊಂದರೆ ಅನುಭವಿಸಿದ ಅಧಿಕಾರಿಗಳು, ವಾಣಿಜ್ಯ ಸಚಿವರಾಗಿದ್ದ ಡಿ.ಪಿ. ಚಟ್ಟೋಪಾಧ್ಯಾಯ, ಧವನ್, ಸೇನ್. ಒಬ್ಬರ ಮಾತನ್ನು ಇನ್ನೊಬ್ಬರದ್ದಕ್ಕೆ ಒರೆಹಚ್ಚಿ ನೋಡಬಹುದಿತ್ತು. ಇಂದಿರಾ ಗಾಂಧಿ ಮಾತ್ರ ಆಯೋಗದ ಮುಂದೆ ಪ್ರಮಾಣ ಮಾಡಿ ಸಾಕ್ಷಿ ಹೇಳಲು ಒಪ್ಪಲಿಲ್ಲ, ಇದೆಲ್ಲ ರಾಜಕೀಯ ಸೇಡು ಎಂಬುದು ಅವರ ನಿಲುವು. ಕಾನೂನಿನ ಪ್ರಕಾರ ಅವರು ಹಾಗೆ ಪ್ರಮಾಣ ಮಾಡಲೇಬೇಕಿರಲಿಲ್ಲ ಅಂತ 1979ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಪುಸ್ತಕ ಬರೆದವರ ಕತೆ ಸ್ವಲ್ಪ ಬೇರೆ. ಪುಸ್ತಕಕ್ಕೆ ಪಾಟಿ ಸವಾಲು ಇಲ್ಲ. ಪ್ರಧಾನಿಯ ಕಾರ್ಯದರ್ಶಿಯಾಗಿದ್ದ ಪಿ.ಎನ್. ಧರ್ ತುರ್ತು ಪರಿಸ್ಥಿತಿಯ ಬಗ್ಗೆ ಪುಸ್ತಕ ತಂದದ್ದು 2000ದಲ್ಲಿ, ಕಾಲು ಶತಮಾನ ಕಳೆದ ಮೇಲೆ. ಅದೇ ಕಚೇರಿಯಲ್ಲಿ ಜಂಟಿ ಕಾರ್ಯದರ್ಶಿಯಾಗಿದ್ದ ಬಿಷನ್ ಟಂಡನ್ ಮಾತ್ರ ಆಗಲೇ ದಿನಚರಿ ಬರೆದಿಟ್ಟಿದ್ದರು. ಅಚ್ಚಾದದ್ದು ಮೂರು ದಶಕ ಹತ್ತಿರವಾದಾಗ. ನಮಗೆ ಇವೆರಡರಲ್ಲಿ ಟಂಡನ್ ದಿನಚರಿಯೇ ಹೆಚ್ಚು ಉಪಯುಕ್ತ ಅನಿಸ್ತದೆ. ಧರ್ ಪುಸ್ತಕದಲ್ಲಿ ವಿವೇಚನೆ ಇದೆ, ಹಿನ್ನೆಲೆ ಇದೆ, ಆದರೆ ಮುಂದೇನಾಯಿತು ಅಂತ ಗೊತ್ತಿದ್ದವರು ಬರೆದದ್ದು. ದಿನಚರಿ ಬರೆಯುವವನಿಗೆ ನಾಳೆ ಯಾರು ಗೆಲ್ಲುತ್ತಾರೆ ಅಂತ ಗೊತ್ತಿರುವುದಿಲ್ಲ. ಲ್ಯಾಬಿನಲ್ಲಿ ರೀಡಿಂಗ್ ಅಲ್ಲೇ ಬರೆದುಕೊಂಡ ರಫ್ ಬುಕ್ಕಿಗೂ, ಸೆಮಿಸ್ಟರ್ ಕೊನೆಗೆ ಕೂತು ಬರೆದ ರೆಕಾರ್ಡಿಗೂ ಇರುವ ಅಂತರ ನಿಮಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ.

ಸರ್ವಾಧಿಕಾರಿ ಅಧಿಕಾರದಲ್ಲಿ ಇರುವಾಗಲೇ ಬಾಯಿಬಿಟ್ಟರೆ ಏನಾಗ್ತದೆ? ಕುತೂಹಲದ ಸಂಗತಿ ಎಂದರೆ ಅದಕ್ಕೂ ಉದಾಹರಣೆ ಅದೇ 1975ರ ಜೂನ್‌ನಲ್ಲೇ ಸಿಗ್ತದೆ, ಫಿಲಿಪ್ಪೀನ್ಸ್ ದೇಶದಲ್ಲಿ. ಅಲ್ಲಿ ಫರ್ಡಿನಾಂಡ್ ಮಾರ್ಕೋಸ್ 1972ರಿಂದ ಮಾರ್ಷಲ್ ಲಾ ಹೇರಿದ್ದ. ಪ್ರಿಮಿಟಿವೊ ಮಿಜಾರೆಸ್ ಎಂಬ ಪತ್ರಕರ್ತ ಅವನ ಪ್ರಚಾರ ಯಂತ್ರದ ದೊಡ್ಡ ಕೈ, ಪತ್ರಿಕೆಗಳನ್ನು ಹದ್ದುಬಸ್ತಿನಲ್ಲಿಡುವ ಮಂಡಳಿಯ ಅಧ್ಯಕ್ಷ. 1975ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿದ್ದಾಗ ಮಾರ್ಕೋಸ್ ಪಕ್ಷ ತೊರೆದ. ಜೂನ್ 17ರಂದು ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಸಾಕ್ಷಿ ಹೇಳಿದ. ನಮ್ಮಲ್ಲಿ ತುರ್ತು ಪರಿಸ್ಥಿತಿ ಬರಲು ಆಗ ಇನ್ನು ಎಂಟೇ ದಿನ. ಸಾಕ್ಷಿ ಹೇಳದಿರಲು 50,000 ಡಾಲರ್ ಲಂಚದ ಆಮಿಷ ಬಂದದ್ದನ್ನೂ ಬಯಲು ಮಾಡಿದ. 1976ರಲ್ಲಿ ಮಾರ್ಕೋಸ್ ದಂಪತಿಯ ಆಳ್ವಿಕೆಯ ಬಗ್ಗೆ ದಪ್ಪ ಪುಸ್ತಕ ಬರೆದ. ತಾನೂ ಆ ಯಂತ್ರದ ಭಾಗವಾಗಿದ್ದೆ ಎಂಬುದನ್ನು ಮುಚ್ಚಿಡಲಿಲ್ಲ. 1977ರ ಜನವರಿಯಲ್ಲಿ ಅವನು ಕಾಣೆಯಾದ, ಮತ್ತೆ ಸಿಗಲೇ ಇಲ್ಲ. ಅದೇ ವರ್ಷ ಹದಿಹರೆಯದ ಮಗನ ಶವ ಸಿಕ್ಕಿತು. ಅದೇ 1977ರಲ್ಲಿ ಉಗಾಂಡದ ಆರೋಗ್ಯ ಸಚಿವ ಹೆನ್ರಿ ಕ್ಯೆಂಬಾ ಜಿನೀವಾದ ಸಭೆಗೆಂದು ಹೋದವರು ಹಿಂದಿರುಗದೆ, ಇದಿ ಅಮೀನನ ಆಳ್ವಿಕೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಅವರು ಬದುಕುಳಿದರು.

ಇದನ್ನೆಲ್ಲ ಪಕ್ಕಕ್ಕಿಟ್ಟು ನೋಡಿದರೆ ನಮ್ಮಲ್ಲಿ ಒಳಗಿನವರು ತೆತ್ತ ಬೆಲೆ ಕಡಿಮೆಯೇ. ಇಲ್ಲಿ ಚುನಾವಣೆ ನಡೆಯಿತು, ಸರಕಾರ ಬದಲಾಯಿತು, ಮಾತಾಡಲು ಒಂದು ವೇದಿಕೆಯೂ ಸಿಕ್ಕಿತು. ತುರ್ತು ಪರಿಸ್ಥಿತಿಯನ್ನು ಮಾರ್ಕೋಸನ ಆಳ್ವಿಕೆಯ ಜೊತೆ ಒಂದೇ ಉಸಿರಿನಲ್ಲಿ ಹೇಳಬಾರದು ಎನ್ನುವವರು ಇದ್ದಾರೆ, ಆ ವಾದದಲ್ಲಿ ಹುರುಳೂ ಇದೆ. ನಮ್ಮದು ಸಂವಿಧಾನದ 352ನೇ ವಿಧಿಯಡಿ ಘೋಷಣೆಯಾಗಿ, ಮತದಾನದಿಂದ ಮುಗಿದದ್ದು. ಆದರೆ ಪ್ರಶ್ನೆಗೆ ಉತ್ತರ ಹುಡುಕಿದ ಅಧಿಕಾರಿಯ ಮನೆಗೆ ಪೊಲೀಸರು ಬರುವುದು ಘೋಷಣೆಗೂ ಎರಡು ತಿಂಗಳ ಹಿಂದೆಯೇ ಶುರುವಾಗಿತ್ತು ಎಂಬುದನ್ನು ಆ ವಾದ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆ ಏಪ್ರಿಲ್‌ನಲ್ಲಿ ಪತ್ರಿಕೆಗಳು ಸ್ವತಂತ್ರವಾಗಿದ್ದವು, ಕೋರ್ಟುಗಳು ತೆರೆದಿದ್ದವು, ಸಂಸತ್ತು ಕೂತಿತ್ತು. ಆದರೂ ನಾಲ್ವರನ್ನು ಕಾಪಾಡಲು ಅವು ಸಾಕಾಗಲಿಲ್ಲ.

ಮುಂದಿನ ಕತೆ ಚಿಕ್ಕಮಗಳೂರಿಗೆ ಹೋಗ್ತದೆ. 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಅಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದರು. ಅತ್ತ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ ಆ ನಾಲ್ವರು ಅಧಿಕಾರಿಗಳ ಪ್ರಕರಣವನ್ನೇ ಕೈಗೆತ್ತಿಕೊಂಡಿತ್ತು. ಸಮಿತಿಯ ತರ್ಕ ಸರಳ. ಸದನದ ಪ್ರಶ್ನೆಗೆ ಮಾಹಿತಿ ತರುವವರನ್ನು ತಡೆದರೆ, ಹೆದರಿಸಿದರೆ, ತಡೆದದ್ದು ಸದನವನ್ನೇ. ಡಿಸೆಂಬರ್ 19ರಂದು ಲೋಕಸಭೆ ನಿರ್ಣಯ ಮಾಡಿ ಇಂದಿರಾ ಅವರ ಸದಸ್ಯತ್ವ ರದ್ದುಮಾಡಿತು, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೂ ಕಳಿಸಿತು. ಧವನ್ ಮತ್ತು ಸೇನ್ ಅವರಿಗೂ ಶಿಕ್ಷೆಯಾಯಿತು. ಚಿಕ್ಕಮಗಳೂರಿನವರು ಆರಿಸಿ ಕಳಿಸಿದ ಸಂಸದೆ ಎರಡು ತಿಂಗಳೂ ಸದನದಲ್ಲಿ ಕೂರಲಿಲ್ಲ. ಇದು ಜನತಾ ಸರಕಾರದ ಬುದ್ಧಿವಂತಿಕೆ ಅಂತ ನಮಗೆ ಅನಿಸುವುದಿಲ್ಲ. ಕೋರ್ಟಿನಲ್ಲಿ, ಸಾವಧಾನವಾಗಿ ತೀರ್ಮಾನವಾಗಬೇಕಾದದ್ದನ್ನು ಬಹುಮತದ ಬಲದಿಂದ ಮುಗಿಸಿದರು. ಒಂದು ವಾರದ ಜೈಲು ಇಂದಿರಾ ಅವರಿಗೆ ಅನುಕಂಪವನ್ನೇ ತಂದಿತು. ನಾಲ್ವರು ಅಧಿಕಾರಿಗಳು ಯಾರು, ಅವರಿಗೆ ಏನಾಗಿತ್ತು ಎಂಬುದು ಆ ಗಲಾಟೆಯಲ್ಲಿ ಎಲ್ಲರಿಗೂ ಮರೆತುಹೋಯಿತು.

ಪೈ ಹಿಂದೆ ನೋಡಿಕೊಳ್ಳುತ್ತಿದ್ದ ಕೈಗಾರಿಕಾ ಖಾತೆ ಜನತಾ ಸರಕಾರದಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗೆ ಬಂದಿತ್ತು. ಒಂದೇ ಕುರ್ಚಿಗೆ ಬಂದ ಇಬ್ಬರೂ ಅವಿಭಜಿತ ದಕ್ಷಿಣ ಕನ್ನಡದವರು, ಒಬ್ಬರು ತುರ್ತು ಪರಿಸ್ಥಿತಿಯ ಸಚಿವ, ಇನ್ನೊಬ್ಬರು ಅದೇ ಕಾಲದ ಕೈದಿ. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದರು. ಉಡುಪಿಯಿಂದ ಆ ಸಲ ಗೆದ್ದವರು ಇಂದಿರಾ ಕಾಂಗ್ರೆಸ್ಸಿನ ಯುವಕ ಆಸ್ಕರ್ ಫರ್ನಾಂಡಿಸ್. ಕ್ಷೇತ್ರ ಆಮೇಲೆ ಬಹುಕಾಲ ಅವರ ಕೈಯಲ್ಲೇ ಇತ್ತು. ಹೊಸ ಲೋಕಸಭೆ 1981ರ ಮೇ 7ರಂದು ಹಿಂದಿನ ಲೋಕಸಭೆಯ ಆ ನಿರ್ಣಯವನ್ನೇ ರದ್ದುಮಾಡಿತು. ಅದೇ ತಿಂಗಳ 29ರಂದು ಟಿ.ಎ. ಪೈ ತೀರಿಕೊಂಡರು. ಅವರಿಗೆ ಆಗ 59 ವರ್ಷ.

ಷಾ ಆಯೋಗದ ವರದಿಯ ಪ್ರತಿಗಳು ಕ್ರಮೇಣ ಸಿಗದಾದವು. ಮಾಜಿ ಸಂಸದ ಇರಾ ಸೆಝಿಯನ್ ತಮ್ಮಲ್ಲಿದ್ದ ಪ್ರತಿಯಿಂದ 2010ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಓದಲು ಕೂತರೆ ಸರಕಾರಿ ಇಂಗ್ಲಿಷ್ ಮೊದಲ ಹತ್ತು ಪುಟ ನಿದ್ದೆ ತರಿಸ್ತದೆ, ಆಮೇಲೆ ತರಿಸುವುದಿಲ್ಲ. ಓದುವಾಗ ಒಂದು ಕೆಲಸ ಮಾಡಿ: ಯಾರು ಯಾರಿಗೆ ಬಾಯಲ್ಲಿ ಹೇಳಿದರು, ಕೇಳಿಸಿಕೊಂಡವರು ಅದನ್ನು ಎಲ್ಲಾದರೂ ಬರೆದಿಟ್ಟರಾ, ಅಂತ ಪೆನ್ಸಿಲಿನಲ್ಲಿ ಬದಿಗೆ ಗುರುತು ಹಾಕುತ್ತ ಹೋಗಿ. ಬರೆದಿಟ್ಟವರು ತುಂಬಾ ಕಡಿಮೆ ಸಿಗ್ತಾರೆ.